ಆಂಟಿವೈರಸ್ ತೆಗೆದೊಡನೆ ಅಂತರಜಾಲ ಸ್ತಬ್ಧವೇ?

ಆಂಟಿವೈರಸ್ ತಂತ್ರಾಂಶವನ್ನು ತೆಗೆದುಹಾಕಿದ ಬಳಿಕ ಗಣಕಯಂತ್ರದಲ್ಲಿ ಅಂತರಜಾಲ ಸಂಪರ್ಕ ಕಡಿದುಹೋಗುವುದು, ಕೆಲವೊಮ್ಮೆ ನೀಲಿ ಪರದೆ ಮೂಡುವುದು ಉಂಟು. ಇದು ವೈರಸ್ ದಾಳಿಯೇ ಆಗಿರಬೇಕೆಂದಿಲ್ಲ.

ಕಡತಗಳನ್ನೂ ಜಾಲದ ದತ್ತಾಂಶವನ್ನೂ ತಪಾಸಣೆ ಮಾಡಲು ಆಂಟಿವೈರಸ್, ವಿಂಡೋಸ್‌ನ ಒಳಪದರದಲ್ಲಿ ತನ್ನ ಡ್ರೈವರ್‌ಗಳನ್ನು ನೆಲೆಗೊಳಿಸಿರುತ್ತದೆ. ಮುಖ್ಯ ತಂತ್ರಾಂಶ ಹೋಗಿ ಇವಷ್ಟೇ ಉಳಿದರೆ ಜಾಲದ ಹಾದಿ ಕಟ್ಟಿಕೊಳ್ಳಬಹುದು. ಅನ್‌ಇನ್‌ಸ್ಟಾಲ್ ಮಾಡದೆ ಫೋಲ್ಡರನ್ನೇ ಅಳಿಸಿದವರಿಗೆ ಈ ಅಪಾಯ ಹೆಚ್ಚು.

ನಾರ್ಟನ್, ಮೆಕಫೀ, ಅವಾಸ್ಟ್ ಮೊದಲಾದ ಆಂಟಿವೈರಸ್‌ಗಳ ಅವಶೇಷಗಳನ್ನು ತೆಗೆಯಲೆಂದೇ ಅವುಗಳ ತಯಾರಕರು ಪ್ರತ್ಯೇಕ ಉಚಿತ ತಂತ್ರಾಂಶಗಳನ್ನು ಒದಗಿಸಿದ್ದಾರೆ. ಅದನ್ನು ತಯಾರಕರ ಅಧಿಕೃತ ತಾಣದಿಂದಲೇ, ಬೇರೊಂದು ಗಣಕಯಂತ್ರದಲ್ಲಿ ಇಳಿಸಿಕೊಂಡು, ಪೆನ್‌ಡ್ರೈವ್ ಮೂಲಕ ತಂದು ಚಲಾಯಿಸಬೇಕು. ಯಂತ್ರ ಸರಿಯಾಗಿ ಆರಂಭವಾಗದಿದ್ದರೆ ಸೇಫ್ ಮೋಡ್‌ನಲ್ಲಿ ಪ್ರಯತ್ನಿಸಬಹುದು. ಆಗಲೂ ಸಂಪರ್ಕ ದೊರೆಯದಿದ್ದಲ್ಲಿ, ವಿಂಡೋಸ್ 10 ಮತ್ತು 11ರ ಸೆಟ್ಟಿಂಗ್ಸ್‌ನಲ್ಲಿರುವ 'ನೆಟ್‌ವರ್ಕ್ ರಿಸೆಟ್' ನೆರವಿಗೆ ಬರುತ್ತದೆ.

ಈ ಎರಡು ಆವೃತ್ತಿಗಳಲ್ಲಿ ಬೇರೆ ಆಂಟಿವೈರಸ್ ಇಲ್ಲವಾದಾಗ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿ ಚಾಲನೆಗೊಳ್ಳುತ್ತದೆ. ಆದರೆ ಹಳೆಯ ಅವಶೇಷಗಳು ಅದನ್ನೂ ತಡೆಯಬಲ್ಲವು. ಆದ್ದರಿಂದ ಬ್ಯಾಂಕ್ ವ್ಯವಹಾರಕ್ಕೆ ಮುನ್ನ 'ವಿಂಡೋಸ್ ಸೆಕ್ಯುರಿಟಿ' ತೆರೆದು, ರಕ್ಷಣೆ ಜಾರಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳಿತು.