ಚದುರಂಗದ ಕಾಯಿಗಳ ನಡೆ

ಚದುರಂಗದ ಆಟವು ಭರತಖಂಡದಲ್ಲಿ ಹುಟ್ಟಿತೆಂಬುದನ್ನು ಬಹುಮಂದಿ ವಿದ್ವಾಂಸರು ಒಪ್ಪಿರುವರು. ಇದನ್ನು ಕೇಳಿ ನಾವು ಹೆಮ್ಮೆಪಡುವುದು ಸಹಜವೇ. ಆದರೆ ಈಗ ನಾವು ಆಡುವ ಆಟದಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂದು ವಿಚಾರಿಸುವವರು ವಿರಳ. ಇದಕ್ಕೆ ಉತ್ತರ ಹೇಳಬಲ್ಲ ಸಾಕ್ಷಿಗಳು ಪಟದ ಮೇಲೆಯೇ ನಿಂತಿವೆ. ಒಂದೊಂದು ಕಾಯಿ ನಡೆಯುವ ರೀತಿಯನ್ನೂ ಹೊಡೆಯುವ ರೀತಿಯನ್ನೂ ಪರೀಕ್ಷಿಸಿದರೆ ಅದರ ಚರಿತ್ರೆ ಹೊರಬೀಳುತ್ತದೆ.

ಚತುರಂಗವೆಂದರೆ ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳ ಸೇನೆ. 7ನೆಯ ಶತಮಾನದ ಬಾಣನು ತನ್ನ ಹರ್ಷಚರಿತದಲ್ಲಿ ಎಂಟೆಂಟು ಮನೆಗಳ ಅಷ್ಟಾಪದವನ್ನು ಚತುರಂಗದೊಡನೆ ಹೆಸರಿಸಿದ್ದಾನೆ. ಈ ಆಟವು ಪಾರಸೀಕರ ಕೈಸೇರಿ, ಅವರಿಂದ ಅರಬ್ಬರಿಗೂ, ಅರಬ್ಬರಿಂದ ಯೂರೋಪಿಗೂ ಹೋಯಿತು. ಅರಸನಿಗೆ ಅಪಾಯ ಬಂದಾಗ ಕೂಗುವ ‘ಷಹ’ ಎಂಬ ಮಾತೇ ರಾಜನೆಂಬ ಅರ್ಥದ ಪಾರಸೀ ಶಬ್ದ.

ಇಷ್ಟು ದೂರ ಸಂಚರಿಸಿದರೂ ಕೆಲವು ಕಾಯಿಗಳ ನಡೆ ಮೂಲತಃ ಬದಲಾಗಲಿಲ್ಲ. ಅರಸನು ಯಾವ ದಿಕ್ಕಿಗಾದರೂ ಒಂದೇ ಮನೆ ನಡೆಯುವನು. ಮೂಲೆಯ ಕಾಯಿ ದಾರಿ ತೆರವಿರುವವರೆಗೆ ನೇರವಾಗಿ ಓಡುವುದು. ಕುದುರೆಯೊಂದೇ ನಡುವಣ ಕಾಯಿಗಳನ್ನು ಲೆಕ್ಕಿಸದೆ ನೆಗೆಯಬಲ್ಲುದು. ನೇರವಾಗಿ ಎರಡು ಮನೆ, ಪಕ್ಕಕ್ಕೆ ಒಂದು ಮನೆ. ಇವೆಲ್ಲವೂ ನಡೆಯುವ ದಾರಿಯಲ್ಲೇ ಎದುರಿನ ಕಾಯಿಯನ್ನು ಹೊಡೆದು ಅದರ ಮನೆಯಲ್ಲಿ ನಿಲ್ಲುತ್ತವೆ. ಕಾಲಾಳು ಮಾತ್ರ ಇದಕ್ಕೆ ಹೊರತು. ಅವನು ನೇರವಾಗಿ ನಡೆದು ಓರೆಯಾಗಿ ಹೊಡೆಯುವನು. ಹಿಂದಿರುಗುವ ಅಧಿಕಾರ ಅವನಿಗಿಲ್ಲ.

ಕುದುರೆಯ ನಡೆ ಹಳೆಯದೆಂಬುದಕ್ಕೆ ಸೊಗಸಾದ ಪ್ರಮಾಣವೊಂದುಂಟು. 9ನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ 32 ಅಕ್ಷರಗಳ ಒಂದು ಶ್ಲೋಕವನ್ನು ಕೊಟ್ಟಿದ್ದಾನೆ. ಅದನ್ನು ಅರ್ಧ ಪಟದ 32 ಮನೆಗಳಲ್ಲಿ ಬರೆದು, ಸಾಲುಸಾಲಾಗಿ ಓದಿದರೂ ಕುದುರೆಯ ನೆಗೆತದ ಕ್ರಮದಲ್ಲಿ ಓದಿದರೂ ಅದೇ ಶ್ಲೋಕ ಬರುತ್ತದೆ. ಅಂದಿನ ಕುದುರೆ ಇಂದಿನ ಕುದುರೆಯಂತೆಯೇ ನೆಗೆಯದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ (1794–1868) ಕುದುರೆಯು ಪ್ರತಿಯೊಂದು ಮನೆಯನ್ನೂ ಒಂದೊಂದೇ ಸಲ ಮೆಟ್ಟುವ ಸುತ್ತುಗಳನ್ನು ರಚಿಸಿದರು.

ಆನೆಯ ಕಥೆ ಬೇರೆ. ಸುಮಾರು 1030ರಲ್ಲಿ ಹಿಂದೂದೇಶವನ್ನು ಕುರಿತು ಬರೆದ ಅಲ್ ಬಿರೂನಿಯು ಇಲ್ಲಿನ ಆನೆಗೆ ಐದು ನಡೆಗಳನ್ನು ಹೇಳುತ್ತಾನೆ: ಮುಂದಕ್ಕೆ ಒಂದು ಮನೆ, ನಾಲ್ಕು ಮೂಲೆಗಳಿಗೆ ಒಂದೊಂದು ಮನೆ. ಇವು ಸೊಂಡಿಲಿಗೂ ನಾಲ್ಕು ಕಾಲುಗಳಿಗೂ ಸಮನಂತೆ! ಅರಬ್ಬರ ಆನೆಯಾದರೋ ಓರೆಯಾಗಿ ಒಂದು ಮನೆಯನ್ನು ಹಾರಿ ಎರಡನೆಯದರಲ್ಲಿ ಇಳಿಯುತ್ತಿತ್ತು. 64 ಮನೆಗಳಲ್ಲಿ ಅದಕ್ಕೆ ಎಟುಕುತ್ತಿದ್ದುದು ಎಂಟು ಮಾತ್ರ. ಅಂದಿನ ಮಂತ್ರಿಯೂ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ ದುರ್ಬಲನು.

15ನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನಲ್ಲಿ ಇವೆರಡರ ನಡೆಯೂ ಮಾರ್ಪಟ್ಟಿತು. ಅಲ್ಲಿ ರಾಣಿಯೆನಿಸಿಕೊಂಡಿದ್ದ ಮಂತ್ರಿಗೆ ಎಂಟು ದಿಕ್ಕುಗಳಲ್ಲಿಯೂ ದೂರಗಾಮಿತ್ವ ದೊರೆಯಿತು. ಆನೆಯ ಸ್ಥಾನದ ಕಾಯಿಗೆ ಓರೆಯ ದಾರಿಯೆಲ್ಲವೂ ತೆರೆಯಿತು. ಸ್ಪೇನ್ ದೇಶದ ಲುಸೇನನು 1497ರಲ್ಲಿ ಅಚ್ಚುಹಾಕಿಸಿದ ಗ್ರಂಥದಲ್ಲಿ ಹಳೆಯ ಕ್ರಮ, ಹೊಸ ಕ್ರಮ ಎರಡೂ ಜತೆಯಲ್ಲಿವೆ. ನಿಧಾನವಾಗಿ ಸಾಗುತ್ತಿದ್ದ ಆಟವು ಈ ಬದಲಾವಣೆಯಿಂದ ಚುರುಕಾಯಿತು.

ಇಲ್ಲೊಂದು ಚಮತ್ಕಾರವನ್ನು ಗಮನಿಸಬೇಕು. ಮೂಲೆಯಲ್ಲಿ ಹಿಂದೆ ಇದ್ದುದು ರಥ; ಕನ್ನಡಿಗರು ಅದನ್ನು ಆನೆಯೆನ್ನುತ್ತಾರೆ, ಹಳೆಯ ಆನೆಯ ಎಡೆಯಲ್ಲಿ ಒಂಟೆಯನ್ನು ನಿಲ್ಲಿಸುತ್ತಾರೆ. ಆ ಒಂಟೆಗೆ ಸ್ಪೇನಿನವರು ಹೇಳುವ ಹೆಸರು ‘ಆಲ್ಫಿಲ್’. ಅರಬ್ಬೀ ಭಾಷೆಯಲ್ಲಿ ಆನೆಯೆಂದೇ ಅರ್ಥ. ನಾವು ಬಿಟ್ಟ ಹೆಸರನ್ನು ಅವರು ಉಳಿಸಿಕೊಂಡರು. ನಮ್ಮ ಮಂತ್ರಿಯೋ ಹಳೆಯ ಹೆಸರಿನಲ್ಲಿಯೇ ಅವರು ಕೊಟ್ಟ ನಡೆಯನ್ನು ನಡೆಯುತ್ತಿದ್ದಾನೆ. ಆದಕಾರಣ ಬರಿಯ ಹೆಸರನ್ನು ನಂಬಿ ಚರಿತ್ರೆ ಬರೆಯಲಾಗದು.

ಹೊಸ ನಡೆ ಬಂದ ಮೇಲೂ ದೇಶೀಯ ಆಟವು ತನ್ನ ಕೆಲವು ಕಟ್ಟಳೆಗಳನ್ನು ಉಳಿಸಿಕೊಂಡಿತ್ತು. ಯೂರೋಪಿನ ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಹೋಗಬಹುದು, ಇಲ್ಲಿಯವನಿಗೆ ಒಂದೇ ಇತ್ತು. ಅಲ್ಲಿ ಅರಸನು ಮೂಲೆಯ ಕಾಯಿಯ ಮರೆಯಲ್ಲಿ ಕೋಟೆ ಕಟ್ಟಿಕೊಳ್ಳುವನು. ಇಲ್ಲಿ ಷಹ ಬೀಳುವ ಮುನ್ನ ಒಮ್ಮೆ ಕುದುರೆಯಂತೆ ನೆಗೆಯುತ್ತಿದ್ದನು. ಈ ಕ್ರಮದಲ್ಲಿ ಆಟ ಕಲಿತ ಪಂಜಾಬಿನ ಮೀರ್ ಸುಲ್ತಾನ್ ಖಾನರು ತರುವಾಯ ಐರೋಪ್ಯ ನಿಯಮಗಳನ್ನು ಅಭ್ಯಾಸಮಾಡಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದರು. ನಿಯಮ ಬದಲಾದರೂ ಬುದ್ಧಿಶಕ್ತಿ ಕುಂದಲಿಲ್ಲ.

ಎಲ್ಲವೂ ನಮ್ಮದೇ ಎಂಬ ಮಾತೂ ಸಲ್ಲದು. ಎಲ್ಲವೂ ಅವರಿಂದಲೇ ಬಂತೆಂಬುದೂ ಸಲ್ಲದು. ಒಂದೇ ಪಟದ ಮೇಲೆ ರುದ್ರಟನ ಕುದುರೆಯೂ 15ನೆಯ ಶತಮಾನದ ಯೂರೋಪಿನ ಮಂತ್ರಿಯೂ ಅಕ್ಕಪಕ್ಕದಲ್ಲಿ ನಿಂತು ಒಬ್ಬನೇ ಅರಸನನ್ನು ಕಾಯುತ್ತಿರುವರು. ಅವರವರಿಗೆ ಸಲ್ಲಬೇಕಾದ ಗೌರವವನ್ನು ಅವರವರಿಗೆ ಸಲ್ಲಿಸುವುದೇ ಚರಿತ್ರಕಾರನ ಧರ್ಮ.