ಶೂನ್ಯತೆ ಮತ್ತು ಬೋಧಿ: ನಾಗಾರ್ಜುನನ ವಾದದ ಚಾರಿತ್ರಿಕ ನೆಲೆ

ಭಾರತೀಯ ದರ್ಶನಗಳ ಇತಿಹಾಸದಲ್ಲಿ ‘ಶೂನ್ಯ’ದಷ್ಟು ತಪ್ಪುಗ್ರಹಿಕೆಗೆ ಒಳಗಾದ ಪರಿಭಾಷೆ ವಿರಳ. ಪ್ರತಿವಾದಿಗಳು ಅದನ್ನು ಸರ್ವನಾಸ್ತಿತ್ವವೆಂದೇ ಗ್ರಹಿಸಿದರು. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಶೂನ್ಯವಾದವು ಎಲ್ಲ ಪ್ರಮಾಣಗಳಿಗೂ ವಿರುದ್ಧವೆಂದು ಹೇಳಿ, ಅದರ ವಿಸ್ತೃತ ಖಂಡನೆಗೂ ತೊಡಗಲಿಲ್ಲ. ಬೌದ್ಧ ಪರಂಪರೆಯ ಒಳಗಿನಿಂದ ನೋಡಿದಾಗ ಈ ಪರಿಕಲ್ಪನೆಯ ಉದ್ದೇಶ ಬೇರೆಯಾಗಿ ತೋರುತ್ತದೆ. ಮನುಷ್ಯನಲ್ಲಿ ಅರಿವು ಮೂಡುವುದು ಹೇಗೆ ಸಾಧ್ಯವೆಂಬುದೇ ಅಲ್ಲಿನ ಮೂಲಪ್ರಶ್ನೆ.

ಪಾಲಿ ಸುತ್ತಗಳಲ್ಲಿ ‘ಸುಞ್ಞ’ ಎಂಬ ಪದವಿದೆ. ‘ನಾನು’, ‘ನನ್ನದು’ ಎಂಬುದರಿಂದ ಬರಿದಾಗಿರುವ ಕಾರಣ ಲೋಕವು ಶೂನ್ಯವೆಂದು ಬುದ್ಧನು ಆನಂದನಿಗೆ ವಿವರಿಸುತ್ತಾನೆ. ಅಲ್ಲಿ ಶೂನ್ಯತೆಯು ಅನಾತ್ಮವಾದದ ಮತ್ತೊಂದು ಮುಖ. ಮುಂದೆ ಸರ್ವಾಸ್ತಿವಾದಿಗಳು ಆತ್ಮವನ್ನು ಅಲ್ಲಗಳೆದರೂ, ಅನುಭವದ ಘಟಕಗಳಾದ ಧರ್ಮಗಳಿಗೆ ಸ್ವಭಾವವನ್ನು ಒಪ್ಪಿದರು. ಪ್ರಜ್ಞಾಪಾರಮಿತಾ ಸೂತ್ರಗಳು ಆ ಧರ್ಮಗಳನ್ನೂ ಶೂನ್ಯವೆಂದು ಸಾರಿದವು. ಈ ನಿಲುವಿಗೆ ತರ್ಕದ ಆಧಾರ ಒದಗಿಸಿದವನು ಕ್ರಿ.ಶ. 2–3ನೆಯ ಶತಮಾನದವನೆಂದು ಸಾಮಾನ್ಯವಾಗಿ ಭಾವಿಸಲಾಗುವ ನಾಗಾರ್ಜುನ.

ಆತನ ‘ಮೂಲಮಧ್ಯಮಕಕಾರಿಕಾ’ದಲ್ಲಿ 27 ಪ್ರಕರಣಗಳಿವೆ. 24ನೆಯದಾದ ಆರ್ಯಸತ್ಯ ಪರೀಕ್ಷೆಯು ಈ ವಾದದ ಕೇಂದ್ರ. ಎಲ್ಲವೂ ಶೂನ್ಯವಾದರೆ ನಾಲ್ಕು ಆರ್ಯಸತ್ಯಗಳೂ ಸಂಘವೂ ಬುದ್ಧನೂ ಇಲ್ಲವಾಗುವರೆಂದು ಪೂರ್ವಪಕ್ಷವು ಆಕ್ಷೇಪಿಸುತ್ತದೆ. ನಾಗಾರ್ಜುನನು ಆ ಆಕ್ಷೇಪವನ್ನು ಎದುರಾಳಿಗೇ ಹಿಂದಿರುಗಿಸುತ್ತಾನೆ. ದುಃಖವು ಸ್ವಭಾವಸಿದ್ಧವಾಗಿದ್ದರೆ ಅದರ ನಿರೋಧ ಅಸಾಧ್ಯ. ಸ್ವಭಾವತಃ ಬುದ್ಧನಲ್ಲದವನು ಎಷ್ಟು ಸಾಧಿಸಿದರೂ ಬೋಧಿಯನ್ನು ಪಡೆಯಲಾರ. ಹೇತುಪ್ರತ್ಯಯಗಳಿಂದ ಉಂಟಾದುದೆಲ್ಲವೂ ನಿಃಸ್ವಭಾವವಾದ್ದರಿಂದಲೇ ಬದಲಾವಣೆಗೂ ಸಾಧನೆಗೂ ಅವಕಾಶವಿದೆ. ಹೀಗೆ ಪ್ರತೀತ್ಯಸಮುತ್ಪಾದ ಮತ್ತು ಶೂನ್ಯತೆ ಒಂದೇ ತಥ್ಯದ ಎರಡು ನಿರೂಪಣೆಗಳಾಗುತ್ತವೆ. ಶೂನ್ಯತೆಯನ್ನೇ ಒಂದು ‘ದೃಷ್ಟಿ’ಯಾಗಿ ಹಿಡಿದವರು ಅಸಾಧ್ಯರೆಂದೂ, ತಪ್ಪಾಗಿ ಹಿಡಿದ ಹಾವಿನಂತೆ ಅದು ಹಾನಿಯುಂಟುಮಾಡುವುದೆಂದೂ ಆತನು ಎಚ್ಚರಿಸಿರುವುದು ಗಮನಾರ್ಹ.

ಈ ಹಿನ್ನೆಲೆಯಲ್ಲಿ ಕನ್ನಡದ ‘ಶೂನ್ಯ’ವನ್ನು ಪರಿಶೀಲಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಬೌದ್ಧರ ಅಸ್ತಿತ್ವವು ಹನ್ನೊಂದನೆಯ ಶತಮಾನದ ಕೊನೆಯವರೆಗೂ ಶಾಸನಗಳಿಂದ ದೃಢಪಡುತ್ತದೆ. ಕದಿರೆಯ ಲೋಕೇಶ್ವರ ವಿಗ್ರಹದ ಪೀಠಶಾಸನದ ಕಾಲ ಕ್ರಿ.ಶ. 968. ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯನು 1065ರಲ್ಲಿ ಜಯಂತೀ ಬೌದ್ಧವಿಹಾರವನ್ನು ಕಟ್ಟಿಸಿದನು. 1095ರ ಡಂಬಳ ಶಾಸನವು ತಾರಾಸ್ತುತಿಯಿಂದ ಆರಂಭವಾಗುತ್ತದೆ. ಅಲ್ಲಮಪ್ರಭುವಿನ ಹುಟ್ಟೂರೆಂದು ಪರಂಪರೆಯು ಗುರುತಿಸುವುದೂ ಬಳ್ಳಿಗಾವೆಯನ್ನೇ. ಈ ಸಾಮೀಪ್ಯವನ್ನು ಆಧರಿಸಿ ವಚನಗಳ ಶೂನ್ಯಕ್ಕೆ ಬೌದ್ಧಮೂಲವನ್ನು ಊಹಿಸುವುದು ಸಹಜ. ಆದರೆ ಈ ಶಾಸನಗಳಲ್ಲಿ ಪ್ರಧಾನವಾಗಿರುವುದು ದೇವತಾಪೂಜೆ ಮತ್ತು ವಿಹಾರನಿರ್ಮಾಣ, ದತ್ತಿಗಳ ವಿವರ. ಮಾಧ್ಯಮಿಕ ತರ್ಕದ ಅಧ್ಯಯನಕ್ಕೆ ಅವು ಸಾಕ್ಷ್ಯವಾಗಲಾರವು. ನಾಥ–ಸಿದ್ಧ ಪಂಥಗಳಲ್ಲಿಯೂ ಶೂನ್ಯಪರಿಭಾಷೆ ಬಳಕೆಯಲ್ಲಿತ್ತು. ‘ಪ್ರಭುಲಿಂಗಲೀಲೆ’ಯ ಗೋರಕ್ಷ ಪ್ರಸಂಗವು ಆ ಸಂಪರ್ಕದ ನೆನಪನ್ನು ಉಳಿಸಿಕೊಂಡಿದೆ.

ಅರ್ಥದ ನೆಲೆಯಲ್ಲಿಯೂ ಭೇದವಿದೆ. ‘ಶೂನ್ಯಸಂಪಾದನೆ’ ಎಂಬ ಹೆಸರೇ ಸೂಚಿಸುವಂತೆ, ಶರಣರ ಶೂನ್ಯವು ಸಂಪಾದಿಸಬೇಕಾದ ನೆಲೆ. ಪರಶಿವತತ್ತ್ವದ ನಿರ್ದೇಶವೂ ಹೌದು. ನಾಗಾರ್ಜುನನ ಶೂನ್ಯತೆಗೆ ಅಂಥ ಪರತತ್ತ್ವದ ಸ್ಥಾನವಿಲ್ಲ, ಶೂನ್ಯತೆಗೂ ಸ್ವಭಾವವಿಲ್ಲ. ಎರಡರಲ್ಲಿಯೂ ಸಮಾನವಾದುದು ‘ನಾನು’ ಎಂಬುದರ ಲಯದಿಂದ ಅರಿವು ತೆರೆದುಕೊಳ್ಳುವುದೆಂಬ ನಂಬುಗೆ. ಆದ್ದರಿಂದ ಪದಸಾಮ್ಯವನ್ನು ಪ್ರಭಾವದ ಪ್ರಮಾಣವಾಗಿ ಪರಿಗಣಿಸದೆ, ಆಯಾ ಪಠ್ಯದಲ್ಲಿ ಶೂನ್ಯವು ಯಾವುದನ್ನು ನಿಷೇಧಿಸುತ್ತದೆ, ಯಾವುದನ್ನು ಸಾಧ್ಯವಾಗಿಸುತ್ತದೆ ಎಂಬುದನ್ನು ಗುರುತಿಸುವುದೇ ತೌಲನಿಕ ಅಧ್ಯಯನದ ಮೊದಲ ಹೆಜ್ಜೆಯಾಗಬೇಕು.