ಅರ್ಕಮ್ ಹೌಸ್: ವಿಲಕ್ಷಣ ಕಥೆಗಳ ಪ್ರಕಾಶನ

ಸ್ವರೂಪ

ಅರ್ಕಮ್ ಹೌಸ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಾಕ್ ಸಿಟಿಯಲ್ಲಿ 1939ರಲ್ಲಿ ಆರಂಭವಾದ ಪ್ರಕಾಶನ ಸಂಸ್ಥೆ. ಅದ್ಭುತ, ಭಯಾನಕ ಹಾಗೂ ವೈಜ್ಞಾನಿಕ ಕಥೆಗಾರರ ಸಂಕಲನಗಳಿಂದ ಇದು ಪ್ರಸಿದ್ಧವಾಯಿತು. ಲೇಖಕರಾದ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೇ ಇದರ ಸ್ಥಾಪಕರು. ಎಚ್. ಪಿ. ಲವ್‌ಕ್ರಾಫ್ಟ್ ತಮ್ಮ ಕಥೆಗಳಲ್ಲಿ ಕಲ್ಪಿಸಿದ ಊರಿನ ಹೆಸರನ್ನೇ ಸಂಸ್ಥೆಗೆ ಇಡಲಾಯಿತು.

ಹಿನ್ನೆಲೆ

ಆ ಕಾಲದಲ್ಲಿ ಇಂಥ ಕಥೆಗಳು ಬಹುಮಟ್ಟಿಗೆ ಅಗ್ಗದ ‘ಪಲ್ಪ್’ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಮರದ ತಿರುಳಿನ ಆ ಕಾಗದ ಬೇಗನೆ ಹಳದಿಗಟ್ಟುತ್ತಿತ್ತು. ಹೊಸ ಸಂಚಿಕೆ ಬಂದೊಡನೆ ಹಳೆಯದು ಅಂಗಡಿಯಿಂದ ಮರೆಯಾಗುತ್ತಿತ್ತು. 1923ರಲ್ಲಿ ಆರಂಭವಾದ ‘ವಿಯರ್ಡ್ ಟೇಲ್ಸ್’ ಇವುಗಳಲ್ಲಿ ಪ್ರಮುಖವಾದುದು. ಅದರಲ್ಲಿ ಬರೆಯುತ್ತಿದ್ದ ಲವ್‌ಕ್ರಾಫ್ಟ್ 1937ರಲ್ಲಿ ನಿಧನರಾದಾಗ ಅವರದೊಂದು ಕಥಾಸಂಕಲನವೂ ಹೊರಬಂದಿರಲಿಲ್ಲ. ದೊಡ್ಡ ಪ್ರಕಾಶಕರು ಅದಕ್ಕೆ ಒಪ್ಪದಿದ್ದುದರಿಂದ ಡರ್ಲೆತ್ ಮತ್ತು ವಾಂಡ್ರೇ ತಾವೇ ಪ್ರಕಾಶಕರಾದರು.

ಕಾರ್ಯವಿಧಾನ

ಪತ್ರಿಕೆಗಳಲ್ಲಿ ಚದುರಿದ್ದ ಕಥೆಗಳನ್ನು ಒಟ್ಟುಗೂಡಿಸಿ, ಗಟ್ಟಿ ರಟ್ಟಿನ ಪುಸ್ತಕವಾಗಿ ಕಡಿಮೆ ಸಂಖ್ಯೆಯಲ್ಲಿ ಮುದ್ರಿಸಿ, ಅಂಚೆಯ ಮೂಲಕ ಓದುಗರಿಗೆ ನೇರವಾಗಿ ಮಾರುವುದು ಸಂಸ್ಥೆಯ ಕ್ರಮವಾಗಿತ್ತು. ಮೊದಲ ಪುಸ್ತಕ, ಲವ್‌ಕ್ರಾಫ್ಟ್ ಅವರ ‘ದಿ ಔಟ್‌ಸೈಡರ್ ಅಂಡ್ ಅದರ್ಸ್’, 1,268 ಪ್ರತಿಗಳಲ್ಲಿ ಅಚ್ಚಾಯಿತು; ಬೆಲೆ 5 ಡಾಲರ್. ಅಷ್ಟು ಪ್ರತಿಗಳು ಖರ್ಚಾಗಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಹೀಗಾಗಿ ಡರ್ಲೆತ್ ತಮ್ಮ ಬರವಣಿಗೆಯ ಸಂಪಾದನೆಯನ್ನೂ ಸಂಸ್ಥೆಗೆ ತೊಡಗಿಸಬೇಕಾಯಿತು.

ಪ್ರಮುಖ ಸಂಕಲನಗಳು

1942ರಲ್ಲಿ ಕ್ಲಾರ್ಕ್ ಆಷ್ಟನ್ ಸ್ಮಿತ್ ಅವರ ‘ಔಟ್ ಆಫ್ ಸ್ಪೇಸ್ ಅಂಡ್ ಟೈಮ್’, 1945ರಲ್ಲಿ ರಾಬರ್ಟ್ ಬ್ಲಾಕ್ ಅವರ ‘ದಿ ಓಪನರ್ ಆಫ್ ದ ವೇ’ ಪ್ರಕಟವಾದವು. ರೇ ಬ್ರ್ಯಾಡ್‌ಬರಿ ಅವರ ಮೊದಲ ಪುಸ್ತಕ ‘ಡಾರ್ಕ್ ಕಾರ್ನಿವಲ್’ 1947ರಲ್ಲಿ ಇಲ್ಲಿಂದಲೇ ಹೊರಬಂದಿತು. ಅದರ ಹಲವು ಕಥೆಗಳನ್ನು ಬ್ರ್ಯಾಡ್‌ಬರಿ 1955ರ ‘ದಿ ಅಕ್ಟೋಬರ್ ಕಂಟ್ರಿ’ ಸಂಕಲನದಲ್ಲಿ ಮತ್ತೆ ಬಳಸಿಕೊಂಡರು. 1971ರಲ್ಲಿ ಡರ್ಲೆತ್ ನಿಧನರಾದ ಬಳಿಕವೂ ಪ್ರಕಟಣೆ ಮುಂದುವರಿಯಿತು. ಜೇಮ್ಸ್ ಟಿಪ್‌ಟ್ರೀ ಜೂನಿಯರ್ ಎಂಬ ಹೆಸರಿನಲ್ಲಿ ಬರೆದ ಆಲಿಸ್ ಶೆಲ್ಡನ್ ಅವರ ವೈಜ್ಞಾನಿಕ ಕಥೆಗಳ ಸಂಕಲನ ‘ಹರ್ ಸ್ಮೋಕ್ ರೋಸ್ ಅಪ್ ಫಾರೆವರ್’ 1990ರಲ್ಲಿ ಬಂದಿತು.

ಪ್ರಭಾವ

ಪತ್ರಿಕೆಯ ಸಂಚಿಕೆಗಳೊಂದಿಗೆ ಕಳೆದುಹೋಗಬಹುದಾಗಿದ್ದ ಕಥೆಗಳು ಈ ಸಂಕಲನಗಳಿಂದಾಗಿ ಮರುಮುದ್ರಣಕ್ಕೂ ವಿಮರ್ಶೆಗೂ ದೊರೆತವು. ಅಮೆರಿಕದ ಶ್ರೇಷ್ಠ ಲೇಖಕರ ಕೃತಿಗಳನ್ನು ಪ್ರಕಟಿಸುವ ‘ಲೈಬ್ರರಿ ಆಫ್ ಅಮೆರಿಕ’ ಮಾಲೆಯಲ್ಲಿ ಲವ್‌ಕ್ರಾಫ್ಟ್ ಅವರ ಕಥೆಗಳು 2005ರಲ್ಲಿ ಸೇರ್ಪಡೆಯಾದವು.